ವಿಟಮಿನ್ ಡಿ3 ಹನಿಗಳು: ಶೀತ-ಜ್ವರ ತಡೆಯಲು ಎಷ್ಟು ನಂಬಬಹುದು?

ಎಣ್ಣೆಯಲ್ಲಿ ಕರಗಿಸಿದ ಡಿ3 ಹನಿಗಳು ಬಳಸಲು ಸುಲಭ, ರಕ್ತದಲ್ಲಿನ ವಿಟಮಿನ್ ಡಿ ಮಟ್ಟವನ್ನೂ ಏರಿಸುತ್ತವೆ. ಆದರೆ ಪೆಟ್ಟಿಗೆಯ ಮೇಲಿನ 'ರೋಗನಿರೋಧಕ ಶಕ್ತಿ' ಎಂಬ ಮಾತಿಗೆ ಪೂರ್ತಿ ಅಂಕ ಕೊಡಲಾಗದು. 2017ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆ ಪ್ರಕಟಿಸಿದ, 25 ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯಲ್ಲಿ ಉಸಿರಾಟದ ಸೋಂಕು ತುಸು ಕಡಿಮೆಯಾಗಿತ್ತು. ಹೆಚ್ಚಿನ ಲಾಭ ಕಂಡದ್ದು ತೀವ್ರ ಕೊರತೆ ಇದ್ದವರಲ್ಲಿ, ಅದೂ ದಿನಕ್ಕೋ ವಾರಕ್ಕೋ ಒಮ್ಮೆ ಸಣ್ಣ ಪ್ರಮಾಣ ತೆಗೆದುಕೊಂಡಾಗ. ಅಪರೂಪಕ್ಕೊಮ್ಮೆ ನುಂಗುವ ಭಾರೀ ಡೋಸ್‌ನಿಂದ ಆ ಲಾಭ ಸಿಗಲಿಲ್ಲ. ನಂತರದ ವಿಶ್ಲೇಷಣೆಗಳಲ್ಲಿ ಪರಿಣಾಮ ಇನ್ನೂ ಕ್ಷೀಣಿಸಿದೆ. ಮಟ್ಟ ಸರಿಯಿದ್ದವರು ದುಡ್ಡು ಉಳಿಸಿಕೊಳ್ಳಬಹುದು.

ಕೊಳ್ಳುವಾಗ ಲೇಬಲ್‌ನಲ್ಲಿ ಒಂದು ಹನಿಗೆ ಎಷ್ಟು ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಏಕಮಾನ) ಎಂದು ನೋಡಿ. ಕೆಲವು ಬ್ರ್ಯಾಂಡ್‌ಗಳು ಒಂದು ಮಿಲಿಲೀಟರ್‌ನ ಲೆಕ್ಕ ಬರೆಯುತ್ತವೆ, ಎಡವಟ್ಟಾಗುವುದು ಇಲ್ಲೇ. 1 ಮೈಕ್ರೋಗ್ರಾಂ ಅಂದರೆ 40 ಐಯು. ವೈದ್ಯರು ಹೇಳದ ಹೊರತು ವಯಸ್ಕರು ದಿನಕ್ಕೆ 4,000 ಐಯು ದಾಟಬಾರದು. ಮಲ್ಟಿವಿಟಮಿನ್‌ನಲ್ಲಿರುವುದನ್ನೂ ಸೇರಿಸಿಯೇ ಲೆಕ್ಕ ಹಾಕಿ. ಹನಿಯನ್ನು ನೇರ ಬಾಯಿಗೆ ಬಿಟ್ಟರೆ ಎಷ್ಟು ಬಿತ್ತೆಂದು ತಿಳಿಯುವುದಿಲ್ಲ, ಚಮಚಕ್ಕೆ ಬಿಡಿ. ಇದು ಕೊಬ್ಬಿನಲ್ಲಿ ಕರಗುವ ವಿಟಮಿನ್, ಆದ್ದರಿಂದ ಊಟದ ಜೊತೆ ತೆಗೆದುಕೊಂಡರೆ ದೇಹ ಚೆನ್ನಾಗಿ ಹೀರಿಕೊಳ್ಳುತ್ತದೆ.

ರಕ್ತ ಪರೀಕ್ಷೆಗೆ ಬರೆಸಬೇಕಾದದ್ದು 25-ಹೈಡ್ರಾಕ್ಸಿ ವಿಟಮಿನ್ ಡಿ; ದೇಹದಲ್ಲಿನ ಡಿ ಮಟ್ಟ ತಿಳಿಯಲು ಅಳೆಯುವ ರೂಪ ಇದು. ಸಾಮಾನ್ಯವಾಗಿ 20 ನ್ಯಾನೋಗ್ರಾಂ/ಮಿಲಿ, ಅಂದರೆ 50 ನ್ಯಾನೋಮೋಲ್/ಲೀಟರ್‌ಗಿಂತ ಕೆಳಗಿದ್ದರೆ ಕೊರತೆ ಎನ್ನುತ್ತಾರೆ. ಮರುಪರೀಕ್ಷೆ ಮೂರು ತಿಂಗಳಾದ ಮೇಲೆ ಸಾಕು; ಮಟ್ಟ ಸ್ಥಿರವಾಗಲು ಅಷ್ಟು ಸಮಯ ಬೇಕು. ಅತಿಯಾದ ಬಾಯಾರಿಕೆ, ವಾಂತಿ, ಪದೇ ಪದೇ ಮೂತ್ರ ಕಾಣಿಸಿದರೆ ಹನಿ ನಿಲ್ಲಿಸಿ ವೈದ್ಯರನ್ನು ಕಂಡು, ರಕ್ತದಲ್ಲಿ ಕ್ಯಾಲ್ಸಿಯಂ ಏರಿದೆಯೇ ಎಂದು ಪರೀಕ್ಷಿಸಿಕೊಳ್ಳಿ. ಮೂತ್ರಪಿಂಡದ ಕಲ್ಲು ಅಥವಾ ಸಾರ್ಕಾಯ್ಡೋಸಿಸ್ (ಶ್ವಾಸಕೋಶ ಮುಂತಾದ ಅಂಗಗಳಲ್ಲಿ ಉರಿಯೂತದ ಸಣ್ಣ ಗಂಟುಗಳಾಗುವ ಕಾಯಿಲೆ) ಇರುವವರು ವೈದ್ಯರನ್ನು ಕೇಳದೇ ಶುರುಮಾಡಬೇಡಿ.