120 ರೂಪಾಯಿಯ ಆರ್ವೆಲ್: ಕೊಳ್ಳುವ ಮುಂಚೆ ಕೊನೆಯ ಪುಟ ತಿರುವಿ

ಹಾಸನದ ಬಸ್ ನಿಲ್ದಾಣದ ಆಸುಪಾಸಿನ ಪುಸ್ತಕದ ಗಾಡಿಗಳಲ್ಲಿ ಕೆಎಎಸ್, ಪಿಡಿಒ ಗೈಡುಗಳ ಪಕ್ಕದಲ್ಲೇ ಈಗ ಜಾರ್ಜ್ ಆರ್ವೆಲ್‌ನ ‘ನೈಂಟೀನ್ ಏಟಿ ಫೋರ್’ ಇಂಗ್ಲಿಷ್ ಪ್ರತಿಗಳು ರಾಶಿ ಬಿದ್ದಿವೆ. ರಟ್ಟಿನ ಮೇಲೆ ದೊಡ್ಡದೊಂದು ಕಣ್ಣು, ಮುಖಬೆಲೆ 199, ಚೌಕಾಸಿ ಮಾಡಿದರೆ 120. ಇದು ಕಳ್ಳ ಮುದ್ರಣವೇನಲ್ಲ. ಆರ್ವೆಲ್ ತೀರಿಕೊಂಡದ್ದು 1950ರ ಜನವರಿಯಲ್ಲಿ. ನಮ್ಮ ಕಾಪಿರೈಟ್ ಕಾಯ್ದೆಯ ಪ್ರಕಾರ ಲೇಖಕ ಸತ್ತ ಮೇಲೆ 60 ವರ್ಷ ಹಕ್ಕು ಇರುತ್ತದೆ. 2011ರಿಂದ ಯಾರು ಬೇಕಾದರೂ ಅಚ್ಚು ಹಾಕಬಹುದು. ಹಾಕಿದ್ದಾರೆ. ಆದರೆ ಎಲ್ಲರೂ ಪೂರ್ತಿ ಹಾಕಿಲ್ಲ.

ಪಾರ್ಟಿಯೊಂದರ ಸರ್ವಾಧಿಕಾರದಡಿ ಸರ್ಕಾರಿ ಕಚೇರಿಯಲ್ಲಿ ಹಳೇ ಪತ್ರಿಕೆ ತಿದ್ದುವ ವಿನ್‌ಸ್ಟನ್ ಎಂಬವನ ಕತೆ ಇದು. ಕಾದಂಬರಿಯ ಲೆಕ್ಕ ಸುಲಭ. ಮೂರು ಭಾಗ, ಮೊದಲನೆಯದರಲ್ಲಿ 8 ಅಧ್ಯಾಯ, ಎರಡನೆಯದರಲ್ಲಿ 10, ಮೂರನೆಯದರಲ್ಲಿ 6. ಆಮೇಲೆ ನ್ಯೂಸ್ಪೀಕ್ ಎಂಬ ಸರ್ಕಾರಿ ಭಾಷೆಯ ವ್ಯಾಕರಣದ ಬಗ್ಗೆ ಒಂದು ಅನುಬಂಧ. ನೋಡಿದ ಮೂರು ಅಗ್ಗದ ಮುದ್ರಣಗಳಲ್ಲಿ ಒಂದರಲ್ಲಿ ಈ ಅನುಬಂಧವೇ ಮಾಯ. ಪುಸ್ತಕ ಅಚ್ಚಾಗುವುದು 16 ಪುಟಗಳ ಫಾರಂ ಲೆಕ್ಕದಲ್ಲಿ. ಕೊನೆಗೆ ನಾಲ್ಕಾರು ಪುಟ ಹೆಚ್ಚಾಯಿತೆಂದರೆ ಕತ್ತರಿ ಮೊದಲು ಬೀಳುವುದು ಇಂಥ ‘ಬೇಡದ’ ಭಾಗದ ಮೇಲೆ. ತಮಾಷೆಯೆಂದರೆ ಮೊದಲ ಅಧ್ಯಾಯದ ಅಡಿಟಿಪ್ಪಣಿ ಹಾಗೇ ಉಳಿದಿದೆ. ಅದು ‘ಅನುಬಂಧ ನೋಡಿ’ ಅನ್ನುತ್ತದೆ, ನೋಡೋಣವೆಂದರೆ ಅನುಬಂಧ ಇಲ್ಲ. ಇನ್ನೊಂದು ಮುದ್ರಣದಲ್ಲಿ ಆ ಟಿಪ್ಪಣಿ ಪುಟದ ಅಡಿಯಿಂದ ಎದ್ದು ಪ್ಯಾರಾದ ನಟ್ಟನಡುವೆ ಕೂತಿದೆ.

ಹತ್ತು ಹನ್ನೆರಡು ಪುಟ ಹೋದರೆ ಏನು ಮಹಾ ಅನ್ನಬೇಡಿ. (ಕತೆ ಗೊತ್ತಿಲ್ಲದವರು ಇಲ್ಲಿಂದ ಎರಡು ಪ್ಯಾರಾ, ಮುಂದೆ ಬರುವ ಬಂಡಾಯದ ಪ್ಯಾರಾ ಹಾರಿಸಿ.) ಮೂರನೇ ಭಾಗ ಮುಗಿಯುವಾಗ ವಿನ್‌ಸ್ಟನ್ ಪೂರ್ತಿ ಶರಣಾಗಿದ್ದಾನೆ. ಚೆಸ್ಟ್‌ನಟ್ ಟ್ರೀ ಕೆಫೆಯ ಮೇಜಿನ ಧೂಳಿನ ಮೇಲೆ ಬೆರಳಲ್ಲಿ ಪಾರ್ಟಿ ಹೇಳಿಕೊಟ್ಟಂತೆ 2+2=5 ಎಂದು ಬರೆಯುತ್ತಾನೆ, ಪಾರ್ಟಿಯ ನಾಯಕ ಬಿಗ್ ಬ್ರದರ್ ಮೇಲೆ ಪ್ರೀತಿ ಉಕ್ಕುತ್ತದೆ, ಅಲ್ಲಿಗೆ ಕತೆ ಮುಗಿಯಿತು. ಅನುಬಂಧ ಶುರುವಾಗುವುದು ಅದಾದ ಮೇಲೆ, ಮಾಮೂಲಿ ಇಂಗ್ಲಿಷಿನಲ್ಲಿ, ಪೂರ್ತಿ ಭೂತಕಾಲದಲ್ಲಿ. ನ್ಯೂಸ್ಪೀಕ್ ಎಂಬ ಭಾಷೆ ‘ಇತ್ತು’, 2050ರ ಹೊತ್ತಿಗೆ ಅದು ಹಳೆಯ ಭಾಷೆಯನ್ನು ಪೂರ್ತಿ ತೆಗೆದುಹಾಕಬೇಕೆಂಬ ಲೆಕ್ಕಾಚಾರ ‘ಇತ್ತು’. ಯಾರು ಬರೆದದ್ದು, ಯಾವಾಗ, ಒಂದೂ ಹೇಳುವುದಿಲ್ಲ. ಆದರೆ ಹಾಗೆ ಬರೆಯಲು ಯಾರೋ ಉಳಿದಿದ್ದಾರೆ, ಸರ್ವಾಧಿಕಾರ ಉಳಿದಿಲ್ಲ ಎಂದು ಓದುವುದಕ್ಕೆ ಜಾಗ ಸಿಗುತ್ತದೆ. ಈ ಓದನ್ನು ಒಪ್ಪದ ವಿಮರ್ಶಕರೂ ಇದ್ದಾರೆ. ಒಪ್ಪುವುದೋ ಬಿಡುವುದೋ, ಪುಟಗಳೇ ಇಲ್ಲದ ಮೇಲೆ ಜಗಳಕ್ಕೂ ದಾರಿ ಇಲ್ಲ. 1949ರಲ್ಲಿ ಅಮೆರಿಕದ ಒಂದು ಬುಕ್ ಕ್ಲಬ್ ಅನುಬಂಧವನ್ನೂ ಕತೆಯೊಳಗೆ ಬರುವ ಗೋಲ್ಡ್‌ಸ್ಟೀನನ ನಿಷೇಧಿತ ಪುಸ್ತಕದ ಭಾಗವನ್ನೂ ತೆಗೆಯಿರಿ ಅಂದಾಗ ಆರ್ವೆಲ್ ಒಪ್ಪಲಿಲ್ಲ. ದೊಡ್ಡ ಮೊತ್ತ ಕೈತಪ್ಪಿದರೂ ಸರಿ ಎಂದು ಕೂತವನು. ಅವನು ಬಿಟ್ಟುಕೊಡದ್ದನ್ನು ಇಲ್ಲಿ ಪ್ರೆಸ್ಸಿನವರು ಪುಕ್ಕಟೆ ತೆಗೆದಿದ್ದಾರೆ.

ಆ 5ರದ್ದೂ ಒಂದು ಕತೆಯಿದೆ. 1950ರ ದಶಕದಿಂದ 1980ರ ದಶಕದವರೆಗೆ ಬಂದ ಹಲವು ಬ್ರಿಟಿಷ್ ಮುದ್ರಣಗಳಲ್ಲಿ ಅಚ್ಚಿನ ಮೊಳೆ ಉದುರಿ ‘2+2=’ ಎಂದಷ್ಟೇ ಉಳಿದಿತ್ತು. ಒಂದು ಅಂಕಿ ಬಿದ್ದುಹೋದದ್ದಕ್ಕೆ ವಿನ್‌ಸ್ಟನ್ ಇನ್ನೂ ಪೂರ್ತಿ ಸೋತಿಲ್ಲ ಎಂಬ ಅರ್ಥ ಬಂದುಬಿಟ್ಟಿತು. ಸೆಕೆಂಡ್‌ಹ್ಯಾಂಡ್ ಹಳೇ ಪ್ರತಿ ಕೊಳ್ಳುವವರು ಕೊನೆಯ ಅಧ್ಯಾಯದಲ್ಲಿ ಇದನ್ನು ನೋಡಿಕೊಳ್ಳಿ. ಹೊಸ ಅಗ್ಗದ ಮೂರರಲ್ಲೂ 5 ಇದೆ.

ಗಾಡಿಯ ಮುಂದೆ ನಿಂತೇ ನೋಡಬೇಕಾದ ಇನ್ನೊಂದು ಜಾಗ ಎರಡನೇ ಭಾಗದ 9ನೇ ಅಧ್ಯಾಯ. ಅಲ್ಲಿ ವಿನ್‌ಸ್ಟನ್ ಗೋಲ್ಡ್‌ಸ್ಟೀನನ ನಿಷೇಧಿತ ಪುಸ್ತಕವನ್ನು ಓದುತ್ತಾನೆ, ಅದರ ಪುಟಗಟ್ಟಲೆ ಭಾಗ ಕಾದಂಬರಿಯೊಳಗೇ ಬರುತ್ತದೆ. ಒಳ್ಳೆಯ ಮುದ್ರಣದಲ್ಲಿ ಆ ಭಾಗಕ್ಕೆ ಬೇರೆ ಅಂಚೋ ಬೇರೆ ಅಕ್ಷರವೋ ಇರುತ್ತದೆ. ಅಗ್ಗದ್ದರಲ್ಲಿ ಎಲ್ಲ ಒಂದೇ ಅಳತೆ. ಎಲ್ಲಿ ಕತೆ ನಿಂತಿತು, ಎಲ್ಲಿ ಪುಸ್ತಕ ಶುರುವಾಯಿತು ತಿಳಿಯದೆ ಕಾಲೇಜು ಹುಡುಗರು ಓದುವುದನ್ನು ಇಲ್ಲಿಗೇ ಬಿಡುತ್ತಾರೆ. ಪೆನ್ಸಿಲ್‌ನಲ್ಲಿ ಎರಡೂ ತುದಿಗೆ ಗೆರೆ ಹಾಕಿಕೊಂಡು ಓದಿದರೆ ತೊಂದರೆ ಇಲ್ಲ.

ಪುಸ್ತಕ ಕೊಂಡವರಲ್ಲಿ ಅನೇಕರು ಇದನ್ನು ಸಿಸಿಟಿವಿ ಬಗ್ಗೆ ಬರೆದ ಕತೆ ಎಂದುಕೊಳ್ಳುತ್ತಾರೆ, ರಟ್ಟಿನ ಮೇಲಿನ ಆ ಕಣ್ಣಿನ ದೆಸೆಯಿಂದ. ಮನೆಯೊಳಗೂ ಜನರ ಮೇಲೆ ಕಣ್ಣಿಡುವ ಟೆಲಿಸ್ಕ್ರೀನ್ ಇದೆ, ನಿಜ. ಆದರೆ ಹಿಡಿತದ ನಿಜವಾದ ಕೀಲು ವಿನ್‌ಸ್ಟನ್‌ನ ಆಫೀಸು ಮೇಜಿನ ಮೇಲಿದೆ. ಮೊದಲ ಭಾಗದ 4ನೇ ಅಧ್ಯಾಯ ನಿಧಾನವಾಗಿ ಓದಿ. ತ್ರೈಮಾಸಿಕಕ್ಕೆ 14.5 ಕೋಟಿ ಜೊತೆ ಬೂಟು ಎಂದು ಮುನ್ನಂದಾಜು ಇತ್ತು, ಆದದ್ದು 6.2 ಕೋಟಿ. ವಿನ್‌ಸ್ಟನ್ ಹಳೇ ಪತ್ರಿಕೆಯ ಮುನ್ನಂದಾಜನ್ನೇ 5.7 ಕೋಟಿಗೆ ತಿದ್ದುತ್ತಾನೆ. ಗುರಿ ಮೀರಿದ ಸಾಧನೆ! ಬಹುಶಃ ಒಂದು ಜೊತೆಯೂ ತಯಾರಾಗಿಲ್ಲ, ಅರ್ಧ ಜನ ಬರಿಗಾಲಲ್ಲೇ ಇದ್ದಾರೆ. ಚಾಕೊಲೇಟ್ ಪಡಿತರವೂ ಹಾಗೇ. 30 ಗ್ರಾಂನಿಂದ 20ಕ್ಕೆ ಇಳಿಸುತ್ತಾರೆ, ಮಾರನೇ ದಿನವೇ ‘20ಕ್ಕೆ ಏರಿಸಿದ್ದಕ್ಕೆ’ ಜನ ಮೆರವಣಿಗೆ ಹೊರಟು ಧನ್ಯವಾದ ಹೇಳುತ್ತಾರೆ. ಮಾರ್ಚ್ ಲೆಕ್ಕ ಬರೆದವರಿಗೆ ಈ ಅಧ್ಯಾಯ ಬೇಗ ಹತ್ತುತ್ತದೆ.

ಬಂಡಾಯದ ಭಾಗವನ್ನು ಪ್ರೇಮಕತೆ ಎಂದು ಓಡಿಸಿಕೊಂಡು ಓದುವುದು ಮತ್ತೊಂದು ಎಡವಟ್ಟು. ಡೈರಿ ಕೊಂಡ ಅಂಗಡಿ, ಬಾಡಿಗೆ ಕೋಣೆ, ನಂಬಿದ ಮನುಷ್ಯ, ಎಲ್ಲವನ್ನೂ ಒದಗಿಸಿಕೊಟ್ಟವರು ಹಿಡಿಯುವ ಪೊಲೀಸರೇ. ಏಳು ವರ್ಷ ವಿನ್‌ಸ್ಟನ್‌ನ ಬೆನ್ನು ಹತ್ತಿದ್ದಾರೆ. ಡೈರಿಯನ್ನು ಯಾರೂ ಮುಟ್ಟಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಅವನು ರಟ್ಟಿನ ಮೇಲೆ ಬಿಳಿ ಧೂಳಿನ ಕಣ ಇಟ್ಟಿದ್ದ. ಅವರು ಓದಿ ಮುಗಿಸಿ ಆ ಕಣವನ್ನೂ ಇದ್ದ ಜಾಗಕ್ಕೇ ಇಟ್ಟು ಹೋಗಿದ್ದರು. ಒಂದು ಸಾಲಿನಲ್ಲಿ ಬಂದು ಹೋಗುತ್ತದೆ ಇದು, ತಪ್ಪಿಸಿಕೊಳ್ಳಬೇಡಿ.

ನಮ್ಮ ಕಡೆ ಈ ಪುಸ್ತಕ ಅಂದರೆ ಎಮರ್ಜೆನ್ಸಿಯ ಮಾತು ಬಂದೇ ಬರುತ್ತದೆ. 1975ರಲ್ಲಿ ಅದು ಜಾರಿಯಾದ ಜೂನ್ 25 ಆರ್ವೆಲ್ ಹುಟ್ಟಿದ ತಾರೀಕೂ ಹೌದು, ಕಾಕತಾಳೀಯ ಅಷ್ಟೇ. ಹೋಲಿಕೆ ಸ್ವಲ್ಪ ದೂರ ನಡೆಯುತ್ತದೆ, ಪತ್ರಿಕೆಗಳ ಮೇಲಿನ ಸೆನ್ಸಾರ್‌ವರೆಗೆ. ಅಲ್ಲಿಂದ ಮುಂದೆ ಕುಂಟುತ್ತದೆ. 1977ರಲ್ಲಿ ದೇಶ ಇಂದಿರಾ ಗಾಂಧಿಯವರನ್ನು ಸೋಲಿಸಿತು, 1978ರ ನವೆಂಬರ್‌ನಲ್ಲಿ ಚಿಕ್ಕಮಗಳೂರು ಅವರನ್ನು ಗೆಲ್ಲಿಸಿತು. ಎರಡನ್ನೂ ಜನ ಓಟು ಹಾಕಿಯೇ ಮಾಡಿದ್ದು. ವಿನ್‌ಸ್ಟನ್‌ನ ಲೋಕದಲ್ಲಿ ಮನಸ್ಸು ಬದಲಿಸುವ ಅಧಿಕಾರವೂ ಪಾರ್ಟಿಯದೇ.

ಇನ್ನು ಕಾಗದ, ಬೈಂಡಿಂಗ್. ನ್ಯೂಸ್‌ಪ್ರಿಂಟ್ ಕಾಗದ, ಹೊಲಿಗೆ ಇಲ್ಲ, ಬೆನ್ನಿಗೆ ಬಿಸಿ ಅಂಟು ಮಾತ್ರ. ಒಮ್ಮೆಗೇ ಅಗಲ ಬಿಡಿಸಿದರೆ ನಡುವೆ ಬಿರುಕು ಬಿಟ್ಟು ಹಾಳೆ ಕಳಚುತ್ತವೆ. ಮೊದಲು ಎರಡೂ ತುದಿಯಿಂದ ಇಪ್ಪತ್ತಿಪ್ಪತ್ತು ಪುಟ ಬಿಡಿಸಿ ಬೆರಳಿಂದ ಒತ್ತುತ್ತ ನಡುವಿಗೆ ಬನ್ನಿ. ಸಕಲೇಶಪುರ, ಮೂಡಿಗೆರೆ ಕಡೆಯವರು ಮಳೆಗಾಲದಲ್ಲಿ ಗೋಡೆಗೆ ತಾಗಿಸಿ ಇಡಬೇಡಿ, ಎರಡೇ ವಾರಕ್ಕೆ ಬೂಷ್ಟು ಬರುತ್ತದೆ. ಹಾಗೆಂದು ಒಲೆ ಪಕ್ಕ ಒಣಗಿಸಿದರೆ ಅಂಟು ಸಡಿಲವಾಗುತ್ತದೆ.

ಅನುಬಂಧ ಇಲ್ಲದ ಪ್ರತಿ ಈಗಾಗಲೇ ಕೈಗೆ ಬಂದಿದ್ದರೆ ಎಸೆಯುವುದು ಬೇಡ. ಪೂರ್ತಿ ಪ್ರತಿ ಇದ್ದವರಿಂದ ಆ ಪುಟಗಳನ್ನು ಜೆರಾಕ್ಸ್ ಮಾಡಿಸಿ. ಹಕ್ಕು ಮುಗಿದಿರುವುದರಿಂದ ಕಾನೂನಿನ ತಕರಾರಿಲ್ಲ. ಬೆನ್ನಿಗೆ ಅಂಟಿಸಲು ಹೋಗಬೇಡಿ, ಇದ್ದ ಹಾಳೆಯೂ ಕಿತ್ತು ಬರುತ್ತದೆ. ಹಿಂದಿನ ರಟ್ಟಿನ ಒಳಗೆ ಲಕೋಟೆಯೊಂದನ್ನು ಅಂಟಿಸಿ, ಮಡಚಿ ಅದರಲ್ಲಿಡಿ.