ವರ್ಚುವಲ್ ಡೆಸ್ಕ್‌ಟಾಪ್ ನಿರ್ವಹಣೆಯನ್ನು ಗುತ್ತಿಗೆಗೆ ಕೊಟ್ಟವರು ಈ ಒಂದು ಆಯ್ಕೆಯನ್ನು ಮೊದಲು ನೋಡಿಕೊಳ್ಳಿ

ಕಂಪ್ಯೂಟರ್‌ಗಳು ಸರ್ವರ್‌ನಲ್ಲೇ ನಡೆಯುವ ವರ್ಚುವಲ್ ಡೆಸ್ಕ್‌ಟಾಪ್ ವ್ಯವಸ್ಥೆಯನ್ನು ಹಾಕಿಸಿಕೊಂಡು ಅದರ ನಿರ್ವಹಣೆಯನ್ನು ಹೊರಗಿನ ಕಂಪನಿಗೆ ಗುತ್ತಿಗೆ ಕೊಟ್ಟಿರುವ ಸಹಕಾರಿ ಸಂಘ, ಆಸ್ಪತ್ರೆ, ಕಾಲೇಜುಗಳ ಆಡಳಿತದವರು ಇದನ್ನು ಓದಬೇಕೆಂದು ಕೋರುತ್ತೇನೆ. ನಾನು ದಾವಣಗೆರೆಯ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಕಂಪ್ಯೂಟರ್ ವಿಭಾಗವನ್ನು ನೋಡಿಕೊಳ್ಳುತ್ತೇನೆ. ಕಳೆದ ಮೆಕ್ಕೆಜೋಳದ ಸುಗ್ಗಿಯಲ್ಲಿ ಗುತ್ತಿಗೆ ಕಂಪನಿಯವರು ನಮಗೆ ಒಂದು ಮಾತೂ ತಿಳಿಸದೆ, ಹಾಡಹಗಲಲ್ಲೇ ಡೆಸ್ಕ್‌ಟಾಪ್ ಪೂಲ್‌ಗೆ (ಸಿಬ್ಬಂದಿ ಬಳಸುವ ವರ್ಚುವಲ್ ಯಂತ್ರಗಳ ಗುಂಪಿಗೆ) ಹೊಸ ಇಮೇಜ್ (ಆ ಯಂತ್ರಗಳ ಮೂಲಪ್ರತಿ) ಹಾಕಿದ್ದರಿಂದ ಮುಖ್ಯ ಕಚೇರಿಯ ಜೊತೆಗೆ ಹರಿಹರ, ಹೊನ್ನಾಳಿ, ಜಗಳೂರು ಶಾಖೆಗಳ ಕೌಂಟರ್‌ಗಳೂ ಒಟ್ಟಿಗೇ ನಿಂತುಹೋದವು.

ನಮ್ಮಲ್ಲಿರುವುದು ಹೊರೈಜನ್ ತಂತ್ರಾಂಶದ ಇನ್‌ಸ್ಟಂಟ್ ಕ್ಲೋನ್ ಪೂಲ್. ಸಿಬ್ಬಂದಿಯ ಮೇಜಿನ ಮೇಲೆ ಇರುವುದು ಸರ್ವರ್‌ಗೆ ಜೋಡಿಸುವ ಚಿಕ್ಕ ಸಾಧನವಾದ ತಿನ್ ಕ್ಲೈಂಟ್ ಮಾತ್ರ. ಅವರು ಕೆಲಸ ಮಾಡುವ ವಿಂಡೋಸ್ ಯಂತ್ರ ನಡೆಯುವುದು ಸರ್ವರ್‌ನಲ್ಲಿ. ಎಲ್ಲ ಯಂತ್ರಗಳೂ ಒಂದೇ ಗೋಲ್ಡನ್ ಇಮೇಜ್‌ನ, ಅಂದರೆ ಒಂದು ಮಾದರಿ ಯಂತ್ರದ ಪ್ರತಿಗಳು. ಒಬ್ಬರು ಲಾಗ್ ಆಫ್ ಆದ ಕೂಡಲೇ ಅವರ ಯಂತ್ರ ಅಳಿದು, ಇಮೇಜ್‌ನಿಂದ ಹೊಸದಾಗಿ ಹುಟ್ಟುತ್ತದೆ. ಆದ್ದರಿಂದಲೇ ಸೆಕ್ಯುರಿಟಿ ಪ್ಯಾಚ್‌ಗಳನ್ನು (ಭದ್ರತಾ ದೋಷ ಸರಿಪಡಿಸುವ ತಿದ್ದುಪಡಿಗಳನ್ನು) ಪ್ರತಿ ಯಂತ್ರಕ್ಕೂ ಹಾಕುವುದಿಲ್ಲ. ಗೋಲ್ಡನ್ ಇಮೇಜ್‌ಗೆ ಒಮ್ಮೆ ಹಾಕಿ, ಅದನ್ನು ಶಟ್‌ಡೌನ್ ಮಾಡಿ ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿಯ ದಾಖಲೆ) ತೆಗೆದು, ಆ ಸ್ನ್ಯಾಪ್‌ಶಾಟನ್ನು ಇಡೀ ಪೂಲ್‌ಗೆ ಕಳುಹಿಸುತ್ತಾರೆ. ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೆಯ ಮಂಗಳವಾರ ಪ್ಯಾಚ್ ಬಿಡುಗಡೆ ಮಾಡುವುದರಿಂದ ಈ ಕೆಲಸ ತಿಂಗಳಿಗೊಮ್ಮೆಯಾದರೂ ಬಂದೇ ಬರುತ್ತದೆ. ಹೀಗೆ ಕಳುಹಿಸುವಾಗ ತಂತ್ರಾಂಶವು ಎರಡು ಆಯ್ಕೆಗಳನ್ನು ಮುಂದಿಡುತ್ತದೆ: ಬಳಕೆದಾರರು ತಾವಾಗಿಯೇ ಲಾಗ್ ಆಫ್ ಆಗುವವರೆಗೆ ಕಾಯುವುದು, ಇಲ್ಲವೇ ಅವರನ್ನು ಬಲವಂತವಾಗಿ ಲಾಗ್ ಆಫ್ ಮಾಡುವುದು. ಗುತ್ತಿಗೆ ಕಂಪನಿಯ ಇಂಜಿನಿಯರ್ ಅಂದು ಎರಡನೆಯದನ್ನು ಆರಿಸಿದ್ದರು.

ಎಪಿಎಂಸಿಯಲ್ಲಿ ಮೆಕ್ಕೆಜೋಳ ಮಾರಿ ಬಂದ ರೈತರು ಸಾಲದ ಕಂತು ಕಟ್ಟಲು ಸಾಲಿನಲ್ಲಿ ನಿಂತಿದ್ದ ಹೊತ್ತು ಅದು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸೂಚನೆ ಬಂದಿದೆ: ಮುಖ್ಯವಾದ ಅಪ್‌ಡೇಟ್ ಇದೆ, ಐದು ನಿಮಿಷದಲ್ಲಿ ಡೆಸ್ಕ್‌ಟಾಪ್ ಬಂದ್ ಆಗುತ್ತದೆ, ಕೆಲಸ ಉಳಿಸಿಕೊಳ್ಳಿ ಎಂದು. ದಿನಕ್ಕೆ ಹತ್ತಾರು ಸೂಚನೆಗಳಿಗೆ ಓಕೆ ಒತ್ತುವ ಸಿಬ್ಬಂದಿ ಇದಕ್ಕೂ ಓಕೆ ಒತ್ತಿ ಎಣಿಕೆ ಮುಂದುವರಿಸಿದ್ದಾರೆ. ಅವರನ್ನು ನಾನು ದೂರುವುದಿಲ್ಲ; ಕೈಯಲ್ಲಿ ನೋಟಿನ ಕಟ್ಟು ಹಿಡಿದವರು ಐದು ನಿಮಿಷದಲ್ಲಿ ಸಾಲು ಕರಗಿಸಲಾರರು. ನಾನು ಕೌಂಟರ್ ಬಳಿ ಹೋಗುವಷ್ಟರಲ್ಲಿ ಪಾಸ್‌ಬುಕ್ ಪ್ರಿಂಟರ್ ಅರ್ಧ ಸಾಲು ಅಚ್ಚು ಹಾಕಿ ನಿಂತಿತ್ತು, ಪುಸ್ತಕ ಅದರ ಬಾಯಲ್ಲೇ ಸಿಕ್ಕಿಕೊಂಡಿತ್ತು. ‘ಯಜಮಾನ್ರೇ, ಸ್ವಲ್ಪ ಕುಂತ್ಕಳ್ಳಿ, ಸಿಸ್ಟಮ್ ಹೋಗೈತಿ’ ಎಂದು ನಮ್ಮ ಕ್ಯಾಷಿಯರ್ ಅಕ್ಕ ಒಬ್ಬೊಬ್ಬರಿಗೂ ಹೇಳುತ್ತಿದ್ದರು.

ಸಮಯ ಹಾಳಾದದ್ದಕ್ಕಿಂತ ಇದರಲ್ಲಿರುವ ದೊಡ್ಡ ಅಪಾಯ ಬೇರೆ. ಬ್ಯಾಂಕಿಂಗ್ ತಂತ್ರಾಂಶದ ಡೇಟಾಬೇಸ್ ಬೇರೆ ಸರ್ವರ್‌ನಲ್ಲಿ ಇರುವುದರಿಂದ ಪೋಸ್ಟ್ ಆದ (ಖಾತೆಗೆ ದಾಖಲಾದ) ಜಮೆಗಳು ಅಳಿಯಲಿಲ್ಲ. ಆದರೆ ಜಮೆ ಪೋಸ್ಟ್ ಆಗಿ ರಸೀದಿ ಮಾತ್ರ ಬಾರದಿದ್ದ ಕಡೆ, ಮತ್ತೆ ಲಾಗಿನ್ ಆದ ಸಿಬ್ಬಂದಿ ಜಮೆ ಆಗಿಲ್ಲವೆಂದು ತಿಳಿದು ಅದನ್ನೇ ಇನ್ನೊಮ್ಮೆ ಹಾಕಿದರೆ ಒಂದೇ ಹಣ ಎರಡು ಬಾರಿ ಲೆಕ್ಕಕ್ಕೆ ಬರುತ್ತದೆ. ಹೊನ್ನಾಳಿ ಶಾಖೆಯಲ್ಲಿ ಹಾಗೆಯೇ ಆಗಿ, ಸಂಜೆ ನಗದು ತಾಳೆಯಾಗದೆ, ವೋಚರ್‌ಗಳನ್ನು ಒಂದೊಂದಾಗಿ ಬಿಡಿಸಿ ನೋಡಬೇಕಾಯಿತು. ಸಾಲ ವಿಭಾಗದವರು ಉಳಿಸದೆ ತೆರೆದಿಟ್ಟಿದ್ದ ಎಕ್ಸೆಲ್ ಹಾಳೆಗಳು ಮತ್ತು ಅರ್ಧ ತುಂಬಿದ್ದ ಅರ್ಜಿಗಳು ಹೋದದ್ದು ಹೋದವು.

ಬಲವಂತದ ಲಾಗ್ ಆಫ್ ಒಂದೇ ಆಗಿದ್ದರೆ ಸ್ವಲ್ಪ ಹೊತ್ತಿನಲ್ಲಿ ಸರಿಹೋಗುತ್ತಿತ್ತೇನೋ. ಆದರೆ ಹೊಸ ಇಮೇಜ್ ಹೋಗುವಾಗ ಹಳೆಯದರ ಪ್ರತಿಕೃತಿಯೂ ಹೊಸದರ ಪ್ರತಿಕೃತಿಯೂ ಕೆಲಕಾಲ ಒಟ್ಟಿಗೇ ಡೇಟಾಸ್ಟೋರ್‌ನಲ್ಲಿ (ಸರ್ವರ್‌ನ ಸಂಗ್ರಹ ಜಾಗದಲ್ಲಿ) ಇರಬೇಕಾಗುತ್ತದೆ. ಅಷ್ಟು ಜಾಗ ಖಾಲಿ ಇದೆಯೇ ಎಂದು ಯಾರೂ ನೋಡಿರಲಿಲ್ಲ. ಮಧ್ಯದಲ್ಲೇ ಜಾಗ ತುಂಬಿ, ಅಳಿದ ಯಂತ್ರಗಳ ಬದಲಿಗೆ ಹೊಸವು ಹುಟ್ಟದೆ ಎರರ್ ತೋರಿಸುತ್ತ ನಿಂತವು. ಉಳಿದ ಕೆಲವೇ ಯಂತ್ರಗಳಿಗೆ ಎಲ್ಲ ಶಾಖೆಗಳವರೂ ಒಮ್ಮೆಲೇ ಲಾಗಿನ್ ಆಗಲು ಮುಗಿಬಿದ್ದರು.

ಪ್ಯಾಚ್ ತುರ್ತಾಗಿತ್ತು ಎಂಬುದು ಕಂಪನಿಯ ಉತ್ತರ. ತುರ್ತು ಇದ್ದುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಾಯುವ ಆಯ್ಕೆಯನ್ನೇ ಒತ್ತಿದ್ದರೆ, ಸಿಬ್ಬಂದಿ ಸಂಜೆ ಮನೆಗೆ ಹೋಗುವಾಗ ಲಾಗ್ ಆಫ್ ಆದಂತೆಲ್ಲ ಯಂತ್ರಗಳು ಒಂದೊಂದಾಗಿ ಹೊಸ ಇಮೇಜ್‌ಗೆ ಬದಲಾಗುತ್ತಿದ್ದವು. ಹಳೆಯ ಮತ್ತು ಹೊಸ ಇಮೇಜ್‌ಗಳೆರಡೂ ಒಂದೇ ಪೂಲ್‌ನಲ್ಲಿ ಕೆಲವು ಗಂಟೆ ಜೊತೆಗಿದ್ದರೆ ತೊಂದರೆಯಿಲ್ಲ. ವ್ಯವಸ್ಥೆ ಇರುವುದೇ ಹಾಗೆ. ಕೆಲಸ ಶುರುವಾಗುವ ದಿನ ಮತ್ತು ಗಂಟೆಯನ್ನು ಮುಂಚೆಯೇ ನಿಗದಿಪಡಿಸಲೂ ಬರುತ್ತದೆ. ದೋಷ ತಂತ್ರಾಂಶದ್ದಲ್ಲ.

ಕಾಯುವ ಆಯ್ಕೆಯಲ್ಲೂ ಒಂದು ತೊಡಕಿದೆ. ನಮ್ಮಲ್ಲಿ ಬಹಳ ಜನ ಲಾಗ್ ಆಫ್ ಆಗದೆ ಪರದೆಯ ಮೇಲಿನ ಡೆಸ್ಕ್‌ಟಾಪ್ ಕಿಟಕಿಯನ್ನಷ್ಟೇ ಮುಚ್ಚಿ ಎದ್ದು ಹೋಗುತ್ತಾರೆ. ಆಗ ಸೆಷನ್ ಡಿಸ್ಕನೆಕ್ಟ್ ಆಗುತ್ತದೆಯೇ ಹೊರತು ಮುಗಿಯುವುದಿಲ್ಲ, ಆ ಯಂತ್ರ ಹಳೆಯ ಇಮೇಜ್‌ನಲ್ಲೇ ಉಳಿಯುತ್ತದೆ. ಡಿಸ್ಕನೆಕ್ಟ್ ಆದ ನಿರ್ದಿಷ್ಟ ಅವಧಿಯ ನಂತರ ತಾನಾಗಿ ಲಾಗ್ ಆಫ್ ಆಗುವಂತೆ ಪೂಲ್‌ನಲ್ಲಿ ಹೊಂದಿಸಲು ಸಾಧ್ಯ. ಇದನ್ನು ಹೊಂದಿಸಿದ್ದಾರೆಯೇ ಎಂದು ಇಂದೇ ಕೇಳಿ.

ಹೊರೈಜನ್ ಬದಲು ಸಿಟ್ರಿಕ್ಸ್ ತಂತ್ರಾಂಶ ಬಳಸುವವರು, ಅಪ್‌ಡೇಟ್ ತಕ್ಷಣ ಆಗುತ್ತದೆಯೋ ಮುಂದಿನ ಶಟ್‌ಡೌನ್ ವೇಳೆ ಆಗುತ್ತದೆಯೋ ಎಂದು ಕೇಳಿಕೊಳ್ಳಬೇಕು. ಮೈಕ್ರೋಸಾಫ್ಟ್‌ನ ಅಜೂರ್ ವರ್ಚುವಲ್ ಡೆಸ್ಕ್‌ಟಾಪ್ ಬಳಸುವವರಿಗೆ ಡ್ರೈನ್ ಮೋಡ್ ಇದೆ. ಅದನ್ನು ಹಾಕಿದ ಯಂತ್ರಕ್ಕೆ ಹೊಸಬರು ಬರುವುದಿಲ್ಲ, ಒಳಗಿರುವವರು ತಮ್ಮ ಕೆಲಸ ಮುಗಿಸಿಕೊಳ್ಳಬಹುದು.

ನಾವು ಈಗ ಗುತ್ತಿಗೆ ಪತ್ರಕ್ಕೆ ಷರತ್ತುಗಳನ್ನು ಸೇರಿಸಿದ್ದೇವೆ. ವ್ಯವಹಾರದ ವೇಳೆಯಲ್ಲಿ ಬಲವಂತದ ಲಾಗ್ ಆಫ್ ಮಾಡಬೇಕಾದರೆ ಸಂಘದ ಕಾರ್ಯದರ್ಶಿಯವರ ಲಿಖಿತ ಒಪ್ಪಿಗೆ ಬೇಕು. ಹೊಸ ಇಮೇಜ್ ಮೊದಲು ಪೂಲ್‌ನ ಕೆಲವೇ ಯಂತ್ರಗಳಿಗೆ ಹೋಗಬೇಕು. ಹೊರೈಜನ್‌ನ ಈಚಿನ ಆವೃತ್ತಿಗಳಲ್ಲಿ ಎರಡನೆಯ ಇಮೇಜ್ ಎಂಬ ಸೌಲಭ್ಯ ಇದಕ್ಕೆಂದೇ ಇದೆ. ಆ ಯಂತ್ರಗಳಲ್ಲಿ ನಮ್ಮ ಸಿಬ್ಬಂದಿಯೇ ಕುಳಿತು, ಒಂದು ಪಾಸ್‌ಬುಕ್ ಅಚ್ಚು ಹಾಕಿ, ರಸೀದಿ ತೆಗೆದು, ಕನ್ನಡದ ‘ನುಡಿ’ ತಂತ್ರಾಂಶದಲ್ಲಿ ನಾಲ್ಕು ಸಾಲು ಟೈಪ್ ಮಾಡಿ ಸರಿಯಿದೆ ಎಂದ ಮೇಲೆಯೇ ಉಳಿದವಕ್ಕೆ ಹೋಗಬೇಕು. ಹಿಂದಿನ ಸ್ನ್ಯಾಪ್‌ಶಾಟನ್ನು ಮುಂದಿನ ತಿಂಗಳವರೆಗೆ ಅಳಿಸುವಂತಿಲ್ಲ. ಎಚ್ಚರಿಕೆಯ ಸೂಚನೆ ಕನ್ನಡದಲ್ಲಿರಬೇಕು. ಕಂಪನಿಯವರು ಕೊನೆಯ ಷರತ್ತನ್ನು ಕೂಡಲೇ ಒಪ್ಪಿದರು, ಮೊದಲನೆಯದಕ್ಕೆ ಬಹಳ ತಕರಾರು ತೆಗೆದರು. ಗುತ್ತಿಗೆಯನ್ನೇ ನವೀಕರಿಸುವುದಿಲ್ಲ ಎಂದು ಆಡಳಿತ ಮಂಡಳಿ ಗಟ್ಟಿಯಾಗಿ ಹೇಳಿದ ಮೇಲಷ್ಟೇ ಸಹಿ ಹಾಕಿದರು.