ಕಾಟರಿ, ಹಾರ್ಮೋನಿಕ್, ಪ್ಲಾಸ್ಮಾ ಬ್ಲೇಡ್: ಡ್ರೈನ್ ಬಾಟ್ಲಿ ನೋಡಿ ಬರೆದ ರಿವ್ಯೂ

ಆಪರೇಷನ್ನಲ್ಲಿ ಕತ್ತರಿಸೋ ಈ ಸಾಮಾನುಗಳ ಕಂಪನಿಯವ್ರು ಡೆಮೋ ಕೊಡೋಕೆ ಬಂದಾಗ ತೋರ್ಸೋದು ಯಾವಾಗ್ಲೂ ಒಂದೇ, ನೋಡಿ ಸಿಸ್ಟರ್ ರಕ್ತಾನೇ ಇಲ್ಲ, ಎಷ್ಟು ಕ್ಲೀನಾಗಿದೆ ಅಂತ. ಸರಿನಪ್ಪಾ ಕ್ಲೀನೇ. ಆದ್ರೆ ಬ್ರೆಸ್ಟ್ ರೀಕನ್‌ಸ್ಟ್ರಕ್ಷನ್ (ಸ್ತನ ಮತ್ತೆ ಕಟ್ಟೋ ಆಪರೇಷನ್) ಕೇಸಲ್ಲಿ ನಾನು ನೋಡೋದು ಬೇರೆ: ಒಳಗಿನ ನೀರು ಬಾಟ್ಲಿಗೆ ಇಳಿಸೋ ಪೈಪು, ಅಂದ್ರೆ ಡ್ರೈನ್, ಯಾವಾಗ ತೆಗೀತಾರೆ, ತೆಗೆದ್ಮೇಲೆ ಒಳಗೆ ನೀರು ತುಂಬ್ಕೊಳುತ್ತಾ ಇಲ್ವಾ. ನಾನು ಆಪರೇಷನ್ ಥಿಯೇಟರ್ (ಓಟಿ) ಸ್ಟಾಫ್, ಅದಕ್ಕೂ ಮುಂಚೆ ಸರ್ಜಿಕಲ್ ವಾರ್ಡಲ್ಲಿದ್ದೆ, ಹಂಗಾಗಿ ಟೇಬಲ್ ಮೇಲೆ ಕತ್ತರಿಸಿದ್ದೂ ಗೊತ್ತು ಆಮೇಲೆ ಬಾಟ್ಲಿ ಅಳೆದು ಬರೆಯೋದೂ ಗೊತ್ತು.

ಈ ನೀರು ಕೀವಲ್ಲ, ರಕ್ತಾನೂ ಅಲ್ಲ, ತಿಳಿಹಳದಿ ನೀರು, ಸೀರೋಮಾ ಅಂತಾರೆ. ಚರ್ಮ ಮಾಂಸ ಬಿಡಿಸಿದ ಜಾಗದಲ್ಲಿ ಒಳಗೆ ಖಾಲಿ ಉಳಿಯುತ್ತೆ, ಕಟ್ ಆದ ಲಿಂಫ್ ನಾಳಗಳು ಜಿನುಗ್ತಾವೆ, ಉರಿಯೂತದ ನೀರೂ ಅದಕ್ಕೇ ಸೇರ್ಕೊಳುತ್ತೆ. ಬೆನ್ನಿನ ಲ್ಯಾಟಿಸ್ಸಿಮಸ್ ಸ್ನಾಯು ತಂದು ಎದೆಗೆ ಹಾಕೋ ಎಲ್‌ಡಿ ಫ್ಲಾಪಲ್ಲಂತೂ ಎದೆಗಿಂತ ಬೆನ್ನಿಂದೇ ದೊಡ್ಡ ತಲೆನೋವು, ಅಷ್ಟಗಲ ಬಿಡಿಸಿರ್ತಾರೆ, ಪೇಷಂಟು ಕೈ ಎತ್ತಿದಾಗೆಲ್ಲ ಒಳಗೆ ಜಾರ್ತಾ ಇರುತ್ತೆ.

ಈಗ ಸಾಮಾನಿನ ವಿಷ್ಯಕ್ಕೆ ಬರ್ತೀನಿ. ಮೊದ್ಲು ಮಾಮೂಲಿ ಕಾಟರಿ, ಕರೆಂಟಿನ ಬಿಸಿಯಲ್ಲಿ ಕತ್ತರಿಸಿ ರಕ್ತ ನಿಲ್ಸೋದು, ಬೋವಿ ಅಂತಾನೂ ಅಂತಾರೆ. 1926ರಲ್ಲಿ ಬಾಸ್ಟನ್ನಲ್ಲಿ ವಿಲಿಯಂ ಬೋವಿ ಮಾಡಿದ್ದ ಮಷೀನನ್ನ ಸರ್ಜನ್ ಹಾರ್ವೆ ಕುಶಿಂಗ್ ಮೆದುಳಿನ ಆಪರೇಷನ್‌ಗೆ ಬಳಸಿದ್ರು, ಇವತ್ತಿಗೂ ಅದೇ ದಾರಿ. ಕೈಲಿ ಹಿಡಿಯೋ ಪೆನ್ಸಿಲ್ಲು ಕೆಲವು ನೂರು ರೂಪಾಯಿ, ಎಲ್ಲ ಓಟಿಲೂ ಇದೆ, ರಕ್ತ ನಿಲ್ಸೋದ್ರಲ್ಲಿ ಕಂಪ್ಲೇಂಟೇ ಇಲ್ಲ. ಕಷ್ಟ ಇರೋದು ಬಿಸಿಯಲ್ಲಿ. 200 ಡಿಗ್ರಿ ಮೀರುತ್ತೆ, ಕತ್ತರಿಸಿದ ಗೆರೆ ದಾಟಿ ಅಕ್ಕಪಕ್ಕದ ಕೊಬ್ಬೂ ಬೇಯುತ್ತೆ, ಆ ಸುಟ್ಟ ಟಿಶ್ಯೂ ಆಮೇಲೆ ನೀರು ಬಿಡುತ್ತೆ. ರಕ್ತ ಹೆಪ್ಪುಗಟ್ಟಿಸೋ ಕೋಯಾಗ್ ಮೋಡ್ ಜಾಸ್ತಿ ಇಟ್ಕೊಂಡು ಎಲ್ಲಾನೂ ಅದ್ರಲ್ಲೇ ಬಿಡಿಸೋರಿದ್ರಂತೂ ಹೊಗೆ ನೋಡಿದ್ರೇ ಗೊತ್ತಾಗುತ್ತೆ. ಮಾಸ್ಟೆಕ್ಟಮಿ (ಸ್ತನ ತೆಗೆಯೋ ಆಪರೇಷನ್) ಪೇಷಂಟ್‌ಗಳ ಮೇಲೆ 1998ರಲ್ಲಿ ಬಂದ ಒಂದು ಟ್ರಯಲ್ಲಲ್ಲೂ ಇದೇ ಸಿಕ್ಕಿತ್ತು, ಮಾಮೂಲಿ ಬ್ಲೇಡ್‌ಗೆ ಹೋಲಿಸಿದ್ರೆ ಕಾಟರಿಯಲ್ಲಿ ರಕ್ತ ಕಮ್ಮಿ ಹೋಯ್ತು, ಸೀರೋಮಾ ಜಾಸ್ತಿ ಆಯ್ತು.

ಹಂಗಂತ ಬರೀ ಬ್ಲೇಡು ಕತ್ತರೀಲಿ ಮಾಡಿ ಅಂದ್ರೆ ಯಾವ ಸರ್ಜನ್ನೂ ಒಪ್ಪಲ್ಲ. ರಕ್ತ ಹೋಗುತ್ತೆ, ಟೈಮ್ ಹಿಡಿಯುತ್ತೆ, ಒಳಗೆ ರಕ್ತ ಕಟ್ಕೊಂಡು ಹೆಮಟೋಮಾ ಆದ್ರೆ ರಾತ್ರೋರಾತ್ರಿ ವಾಪಸ್ ಓಟಿಗೆ ತರ್ಬೇಕು. ಮೊದ್ಲೇ ರಕ್ತನಾಳ ಕುಗ್ಗಿಸೋ ಅಡ್ರಿನಲಿನ್ ಬೆರೆಸಿದ ಸಲೈನ್ ಚುಚ್ಚಿ ಬಿಡಿಸೋರು ಇದ್ದಾರೆ, ಅಂಥವ್ರ ಕೈಲಿ ಬ್ಲೇಡು ಚೆನ್ನಾಗೇ ಓಡುತ್ತೆ.

ಹಾರ್ಮೋನಿಕ್ ನಂಗೆ ಇಷ್ಟ. ಕರೆಂಟು ಪೇಷಂಟ್ ಮೈಯೊಳಗೆ ಹೋಗಲ್ಲ, ಅದಕ್ಕೆ ಕಾಟರಿ ಥರ ಕರೆಂಟು ವಾಪಸ್ ಹೋಗೋಕೆ ಮೈಗೆ ಪ್ಲೇಟ್ ಅಂಟಿಸೋ ಗೋಜಿಲ್ಲ, ಬ್ಲೇಡು ಸೆಕೆಂಡಿಗೆ 55,500 ಸಲ ಅದುರಿ ಪ್ರೋಟೀನ್ ಗಟ್ಟಿ ಮಾಡಿ ನಾಳ ಮುಚ್ಚುತ್ತೆ. ಬಿಸಿ ಕಾಟರಿಗಿಂತ ಕಮ್ಮಿ, ಆದ್ರೆ ಬಿಡದೇ ಒತ್ತಿ ಹಿಡಿದ್ರೆ ಇದೂ ಚೆನ್ನಾಗೇ ಕಾಯುತ್ತೆ ಅನ್ನೋದನ್ನ ಡೆಮೋದವ್ರು ಮೆಲ್ಲಗೆ ಹೇಳ್ತಾರೆ. ಡ್ರೈನಲ್ಲಿ ನೀರು ಕಮ್ಮಿ ಅಂತ ಕೆಲವು ಸ್ಟಡಿ, ಏನೂ ವ್ಯತ್ಯಾಸ ಇಲ್ಲ ಅಂತ ಇನ್ನು ಕೆಲವು. ಹ್ಯಾಂಡ್‌ಪೀಸ್ ರೇಟು ಹತ್ತಾರು ಸಾವಿರ, ಬಿಲ್ಲಲ್ಲಿ ಅದು ಪೇಷಂಟ್ ಕಡೆಯವ್ರ ತಲೆ ಮೇಲೇ ಬೀಳೋದು.

ಪ್ಲಾಸ್ಮಾ ಬ್ಲೇಡ್ ಹುಟ್ಟಿದ್ದು ಸ್ಟಾನ್‌ಫರ್ಡಲ್ಲಿ, ಮೊದ್ಲು ಕಣ್ಣಿನ ಸರ್ಜರಿಗಂತ ಯೋಚ್ನೆ ಮಾಡಿದ್ದು, 2011ರಿಂದ ಮೆಡ್‌ಟ್ರಾನಿಕ್ ಕಂಪನಿ ಕೈಲಿದೆ. ಕರೆಂಟನ್ನ ಚಿಕ್ಕ ಚಿಕ್ಕ ಪಲ್ಸಲ್ಲಿ ಬಿಡುತ್ತೆ, ಅಂಚು ಬಿಟ್ಟು ಉಳಿದಿದ್ದೆಲ್ಲ ಇನ್ಸುಲೇಟ್ ಆಗಿರುತ್ತೆ, ಅದಕ್ಕೇ 40ರಿಂದ 170 ಡಿಗ್ರಿ ಒಳಗೆ ಕೆಲಸ ಮುಗಿಯುತ್ತೆ ಅನ್ನೋದು ಕಂಪನಿ ಲೆಕ್ಕ. ಕತ್ತರಿಸಿದ ಅಂಚು ಕಪ್ಪಾಗಲ್ಲ, ಬಿಡಿಸಿದ ಚರ್ಮದ ಪದರಕ್ಕೆ (ಫ್ಲಾಪ್) ಒಳ್ಳೇದು. ದುಡ್ಡಿದ್ರೆ ತಗೊಳ್ಳಿ, ಆದ್ರೆ ಸೀರೋಮಾ ಇನ್ಮೇಲೆ ಬರೋದೇ ಇಲ್ಲ ಅಂತ ಯಾರಾದ್ರೂ ಅಂದ್ರೆ ನಂಬ್ಬೇಡಿ.

ಯಾಕಂದ್ರೆ ಇವೆಲ್ಲಕ್ಕಿಂತ ಹೆಚ್ಚು ಕೆಲಸ ಮಾಡೋದು ಕ್ವಿಲ್ಟಿಂಗ್, ಕೌದಿ ಹೊಲಿದ ಹಾಗೆ ಮೇಲಿನ ಪದರನ ಕೆಳಗಿನದಕ್ಕೆ ಅಲ್ಲಲ್ಲಿ ಹೊಲಿಗೆ ಹಾಕಿ ಹಿಡಿಸೋದು. ಖಾಲಿ ಜಾಗನೇ ಇಲ್ದಿದ್ರೆ ನೀರು ಎಲ್ಲಿ ನಿಲ್ಲುತ್ತೆ? ಮಷೀನ್ ಲಕ್ಷದ್ದಿದ್ದು ಕ್ಲೋಸ್ ಮಾಡೋವಾಗ ಲೇಟಾಯ್ತು ಅಂತ ಈ ಹೊಲಿಗೆ ಬಿಟ್ಟಿರೋ ಕೇಸುಗಳ ಡ್ರೈನ್ ನಾನು ಅಳೆದಿದೀನಿ, ಡ್ರೈನ್ ತೆಗೆಯೋ ಹಾಗೆ ದಿನಕ್ಕೆ 30 ಎಂಎಲ್‌ಗೆ ಇಳಿಯೋದ್ರೊಳಗೆ ಪೇಷಂಟಿಗೂ ಬೇಜಾರು ನಮಗೂ ಬೇಜಾರು.

ಆಪರೇಷನ್‌ಗೆ ಹೋಗ್ತಿರೋರು ಡಾಕ್ಟ್ರನ್ನ ಯಾವ ಮಷೀನ್ ಅಂತ ಕೇಳೋದಕ್ಕೆ ಮುಂಚೆ ಒಳಗೆ ಕ್ವಿಲ್ಟಿಂಗ್ ಹಾಕ್ತೀರಾ, ಡ್ರೈನ್ ಜೊತೆ ಮನೆಗೆ ಕಳಿಸ್ತೀರಾ, ನೀರು ತುಂಬಿದ್ರೆ ಯಾರು ತೆಗೀತಾರೆ ಅಂತ ಕೇಳಿ. ಒಳಗೆ ಇಂಪ್ಲಾಂಟ್ (ಕೃತಕ ಸ್ತನ) ಇದ್ರೆ ಊರಿನ ಕ್ಲಿನಿಕ್ಕಲ್ಲಿ ಸುಮ್ನೆ ಸೂಜಿ ಚುಚ್ಚಿ ಎಳೆಸ್ಕೊಬೇಡಿ, ಇಂಪ್ಲಾಂಟ್ ತೂತಾಗ್ಬಹುದು, ಇನ್‌ಫೆಕ್ಷನ್ನೂ ಆಗ್ಬಹುದು, ಆಪರೇಷನ್ ಮಾಡಿದವ್ರ ಹತ್ರಾನೇ ಹೋಗಿ, ಅಲ್ಟ್ರಾಸೌಂಡ್ ನೋಡ್ಕೊಂಡು ತೆಗೀತಾರೆ.